ಮಗನಿಗೆ ಹೇಳಬೇಕಾದ ಮಾತು

ಎಲ್ಲ ಗದ್ದಲಕ್ಕೂ ಕಾರಣ ಅಂಗೈಯಗಲದ ಒಂದು ಚೀಟಿ. ಬನಹಟ್ಟಿಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳ ತಂದೆತಾಯಿಯರನ್ನೆಲ್ಲ ಕೂಡಿಸಿ, ಮುಧೋಳದಿಂದ ಬಂದಿದ್ದ ಆಪ್ತ ಸಲಹೆಗಾರ್ತಿ ಶೀತಲ್ ಮೇಡಂ ಒಂದು ತಾಸು ಮಾತಾಡಿದ್ದರು. ಹೆಣ್ಣುಮಕ್ಕಳು ಬೇಗ ಬೆಳೆಯುತ್ತಾರೆ, ಮನಸ್ಸಿನಲ್ಲಿದ್ದದ್ದನ್ನು ಗೆಳತಿಯರ ಮುಂದೆ ಹೇಳಿಕೊಂಡು ಹಗುರಾಗುತ್ತಾರೆ. ಗಂಡುಹುಡುಗರು ಒಂದೆರಡು ವರ್ಷ ಹಿಂದೆ ಬೀಳುತ್ತಾರೆ, ಬಂದದ್ದನ್ನೆಲ್ಲ ಒಳಗೇ ನುಂಗಿಕೊಂಡು ಬಾಗಿಲು ಬಡಿಯುತ್ತಾರೆ ಎಂದಿದ್ದರು. ಕಡೆಗೆ ಎಲ್ಲರ ಕೈಗೂ ಚೀಟಿ ಕೊಟ್ಟಿದ್ದರು. ಈ ವಯಸ್ಸಿನಲ್ಲಿ ಏನೇನಾಗುತ್ತದೆಂದು ಮಗಳಿಗೆ ತಾಯಿ, ಮಗನಿಗೆ ತಂದೆ ಕೂಡ್ರಿಸಿಕೊಂಡು ತಿಳಿಹೇಳಬೇಕು. ಹೇಳಿಯಾದ ಮೇಲೆ ಸಹಿ ಮಾಡಿ ಸೋಮವಾರ ಕಳಿಸಬೇಕು.

ಮಲಕಾಜಪ್ಪನ ಮನೆಗೆ ಎರಡು ಚೀಟಿ ಬಂದವು, ಯಾಕೆಂದರೆ ಅವನಿಗೆ ಅವಳಿ ಮಕ್ಕಳು. ಕಾವ್ಯಳಿಗಿಂತ ವೀರೇಶ ಹತ್ತೇ ನಿಮಿಷ ಸಣ್ಣವನು. ಈಗ ನೋಡಿದರೆ ಅವಳು ತಾಯಿಗಿಂತ ಎತ್ತರ, ಇವನು ಅವಳ ಭುಜಕ್ಕೆ ಬರುತ್ತಾನೆ. ಅವಳು ಸಾಲೆಯಿಂದ ಬಂದು ಚೀಲ ಇಡುವುದರೊಳಗೆ ಇಡೀ ದಿನದ ಸುದ್ದಿ ಹೇಳಿ ಮುಗಿಸುತ್ತಾಳೆ. ಇವನು ಏನು ಕೇಳಿದರೂ "ಹ್ಞೂಂ" ಅನ್ನುತ್ತಾನೆ. ಮೊದಲು ಹೀಗಿರಲಿಲ್ಲ. ಅಪ್ಪನ ಮಗ್ಗದ ಪಕ್ಕ ಕೂತು, ಲಾಳಿ ಯಾಕೆ ಕೆಳಗೆ ಬೀಳುವುದಿಲ್ಲ ಎಂದು ತಲೆ ತಿನ್ನುತ್ತಿದ್ದ ಹುಡುಗ ಆರು ತಿಂಗಳಿಂದ ಬರೀ "ಹ್ಞೂಂ" ಆಗಿದ್ದ. ಮಲಕಾಜಪ್ಪ ಯಾರ ಮುಂದೂ ಹೇಳಿಕೊಂಡಿರಲಿಲ್ಲ, ಆದರೆ ಆ ತಲೆ ತಿನ್ನುವ ಮಗ ಬೇಕಾಗಿದ್ದ ಅವನಿಗೆ.

ರವಿವಾರ ಬೆಳಿಗ್ಗೆ ಹೆಂಡತಿ ಹಾಲವ್ವ ಚೀಟಿ ತಂದು ಅವನ ಚಹಾದ ಬಸಿಯ ಕೆಳಗೆ ಇಟ್ಟಳು.

"ನಂದು ಶುಕ್ರವಾರನ ಆತು. ಇನ್ನ ನಿಮ್ದು ಉಳದೈತಿ. ನಾಳೆ ಖಾಲಿ ಚೀಟಿ ಹೋದ್ರ ನಾನ ಹೆಡ್‌ಮಾಸ್ತರ ಮುಂದ ನಿಂತು, ಇವರಪ್ಪಗ ಬಾಯಿ ಇಲ್ರಿ ಅಂತ ಹೇಳಿ ಬರ್ತೇನಿ."

"ನಾಕ್ ಮಗ್ಗಾ ಒಬ್ಬನ ನಡಸಾಂವ ನಾನು," ಅಂದ ಮಲಕಾಜಪ್ಪ. "ಒಂದ್ ಹುಡುಗನ ಮುಂದ ನಾಕ್ ಮಾತ ಆಡೂದು ಯಾವ ದೊಡ್ಡ ಕೆಲಸ? ನಾಷ್ಟಾ ಮುಗಿಯೂದ್ರಾಗ ಮುಗಸ್ತೇನಿ."

ಧೈರ್ಯದ ವಿಷಯದಲ್ಲಿ ಅವನನ್ನು ಮೀರಿಸುವವರು ಆ ಓಣಿಯಲ್ಲಿರಲಿಲ್ಲ. ನಾಷ್ಟಾಕ್ಕೆ ಮಗ ಎದುರಿಗೆ ಬಂದು ಕೂತ. ಮಲಕಾಜಪ್ಪ ಗಂಟಲು ಸರಿಮಾಡಿಕೊಂಡ.

"ವೀರೂ, ಈಗ ನಿನ್ನ ವಯಸ್ಸಿನಾಗ ಮೈಯಾಗ..."

ಪಕ್ಕದಲ್ಲಿದ್ದ ಕಾವ್ಯ ತಿನ್ನುವುದನ್ನು ಬಿಟ್ಟು ಕಣ್ಣರಳಿಸಿ ಅಪ್ಪನನ್ನೇ ನೋಡತೊಡಗಿದಳು. ಮಲಕಾಜಪ್ಪ ಉಪ್ಪಿಟ್ಟಿನ ಬೋಗುಣಿಯನ್ನು ಮಗನ ಕಡೆ ಸರಿಸಿದ.

"...ಮೈಯಾಗ ಶಕ್ತಿ ಇರಬೇಕು. ಇನ್ನಷ್ಟು ಉಪ್ಪಿಟ್ಟು ಹಾಕ್ಕೋ."

"ಹ್ಞೂಂ," ಅಂದ ವೀರೇಶ.

ಮನೆಯಲ್ಲಿ ಹೆಂಗಸರಿದ್ದಾರೆ, ಅದಕ್ಕೇ ಮಾತು ಹೊರಡುತ್ತಿಲ್ಲ ಎಂದು ಮಲಕಾಜಪ್ಪ ತೀರ್ಮಾನಿಸಿದ. ಮಗನನ್ನು ಬೈಕಿನ ಹಿಂದೆ ಕೂಡ್ರಿಸಿಕೊಂಡು ರಬಕವಿಯ ಕಡೆ ಹೊರಟ. ಓಣಿ ದಾಟುವುದರೊಳಗೆ ಗಿರಮಲ್ಲಪ್ಪ ಕೈ ಅಡ್ಡ ಹಿಡಿದ. ಊರಿನ ಅರ್ಧ ಮದುವೆಗಳನ್ನು ಕೂಡಿಸಿದವನು, ಉಳಿದರ್ಧದ ಜಗಳ ಬಿಡಿಸಿದವನು. ನಾನೂ ರಬಕವಿಗೆ ಬರುತ್ತೇನೆಂದು, ಕೇಳದೆಯೇ ಅಪ್ಪಮಗನ ನಡುವೆ ತೂರಿ ಕೂತುಬಿಟ್ಟ.

"ಎಲ್ಲಿಗೆ ಹೊಂಟೀರಿ ಇಬ್ರೂ?"

ಮಲಕಾಜಪ್ಪ ತಲೆ ಹಿಂದಕ್ಕೆ ವಾಲಿಸಿ, ಮಗನಿಗೆ ಕೇಳದಂತೆ ಚೀಟಿಯ ವಿಷಯ ಹೇಳಿದ. ಅಲ್ಲೇ ಕೆಟ್ಟಿತು.

"ಹಿಂತಾ ಮಾತ ನೆಟ್ಟಗ ತಗೀಬಾರದೋ," ಅಂದ ಗಿರಮಲ್ಲಪ್ಪ. "ಮೊದಲ ಹೋರಿಗರದ ಸುದ್ದಿ ತಗಿ. ಕೋಡು ಬರ್ತಾವು, ಹಾಯಾಕ ಕಲೀತೈತಿ, ಹಿಂಗ. ಆಮ್ಯಾಲ ಮೆಲ್ಲಕ ಹುಡುಗನ ಕಡೆ ಬಾ. ನೀ ಸುಮ್ಮನಿರು, ನಾ ಅದೇನಿ."

ಅವನು ಇದ್ದದ್ದೇ ತೊಂದರೆಯಾಯಿತು. ರಬಕವಿಯ ಚಹಾದಂಗಡಿಯಲ್ಲಿ ಮೂವರೂ ಬಾಕಿನ ಮೇಲೆ ಕೂತ ಕೂಡಲೇ ಗಿರಮಲ್ಲಪ್ಪ ಎದ್ದು ನಿಂತು ಕೈಯೆತ್ತಿದ.

"ಸ್ವಲ್ಪ ಸುಮ್ಮನಿರ್ರಿ ಎಲ್ಲಾರೂ. ನಮ್ಮ ಮಲಕಾಜಪ್ಪ ಮಗಗ ದೊಡ್ಡಾಂವ ಆಗೂದು ಹೆಂಗಂತ ತಿಳಿಸಿ ಹೇಳಾಂವ ಅದಾನ. ಗದ್ದಲ ಮಾಡಬ್ಯಾಡ್ರಿ."

ಅಂಗಡಿಯಲ್ಲಿದ್ದ ಹದಿನೈದು ಮಂದಿಯೂ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಒಬ್ಬ ಮೊಬೈಲಿನ ಹಾಡು ನಿಲ್ಲಿಸಿದ. ಚಹಾ ಕುದಿಸುವವನು ಒಲೆಯ ಉರಿ ಸಣ್ಣ ಮಾಡಿದ. ಅಷ್ಟು ಮಂದಿಯ ಮುಂದೆ ಮಲಕಾಜಪ್ಪನಿಗೆ ಹೋರಿಗರವೂ ನೆನಪಾಗಲಿಲ್ಲ. ವೀರೇಶ ಕೆಂಪಗಾಗಿ, ಚಹಾ ಮುಟ್ಟದೆ ಹೊರಗೆ ಹೋಗಿ ಬೈಕಿಗೆ ಆತು ನಿಂತ. ಬರುವ ದಾರಿಯಲ್ಲಿ "ಹ್ಞೂಂ" ಕೂಡ ಇಲ್ಲದಾಯಿತು.

ಊಟ ಮಾಡಿ ಮಗ್ಗದ ಮನೆಗೆ ಬಂದಾಗ ಮಲಕಾಜಪ್ಪನಿಗೆ ಉಪಾಯ ಹೊಳೆಯಿತು. ತನ್ನ ಮಾತು ತನ್ನ ಕಿವಿಗೇ ಬೀಳುತ್ತಿದ್ದದ್ದರಿಂದ ತಾನೇ ನಾಚಿಕೆ? ನಾಲ್ಕು ಪವರ್‌ಲೂಮ್ ಒಟ್ಟಿಗೆ ನಡೆಯುವಾಗ ಇಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಪಕ್ಕದಲ್ಲಿ ನಿಂತವನಿಗೆ ಒದರಿ ಹೇಳಿದರೆ ಅವನಿಗಷ್ಟೇ ತಲುಪುತ್ತದೆ. ಇಡೀ ಬನಹಟ್ಟಿಯಲ್ಲಿ ಗುಟ್ಟಿನ ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಷ್ಟು ಹೊತ್ತು ಇದು ತೋಚಲಿಲ್ಲವಲ್ಲ ಎಂದು ತನ್ನ ಬಗ್ಗೆ ತಾನೇ ಖುಷಿಪಟ್ಟ.

ಒಂದು ಮಗ್ಗ ನಿಲ್ಲಿಸಿ, ಸನ್ನೆ ಮಾಡಿ ಮಗನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡ. ಕೈಗೆ ನೂಲಿನ ಉಂಡೆ ಕೊಟ್ಟು, ತಾನು ಬಗ್ಗಿ ಹರಿದ ಎಳೆಗಳನ್ನು ಒಂದೊಂದಾಗಿ ಕಟ್ಟತೊಡಗಿದ. ಉಳಿದ ಮೂರು ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ಮಗನ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಎಳೆಗಳನ್ನೇ ನೋಡುತ್ತ ಬಾಯಿ ತೆರೆದ.

ತೆರೆದದ್ದೇ ತಡ, ಕಟ್ಟೆ ಒಡೆದಂತೆ ಎಲ್ಲ ಬಂತು. ಮೀಸೆಯ ಸುದ್ದಿ, ಮೊಡವೆಯ ಸುದ್ದಿ, ಕಾರಣವಿಲ್ಲದೆ ಬರುವ ಸಿಟ್ಟು, ಹುಡುಗಿಯರೆಲ್ಲ ಒಮ್ಮೆಲೇ ಎತ್ತರವಾದಾಗ ಆಗುವ ಸಂಕಟ, ಎಲ್ಲವನ್ನೂ ಹೇಳಿದ. ಮೇಡಂ ಹೇಳಿದ್ದನ್ನು ಮುಗಿಸಿ ಮೇಡಂಗೆ ಗೊತ್ತಿಲ್ಲದ್ದನ್ನೂ ಹೇಳಿದ. ಕಣ್ಣಂಚಿನಲ್ಲಿ ಮಗನ ಪಾದಗಳು ಕದಲದೆ ನಿಂತದ್ದು ಕಾಣುತ್ತಿತ್ತು. ಹುಡುಗ ಕೇಳುತ್ತಿದ್ದಾನೆ ಎಂದು ಅವನ ಎದೆ ತುಂಬಿತು. ಹೆಂಡತಿಗೂ ಹೇಳದಿದ್ದ ಮಾತನ್ನು ಎಳೆದು ತಂದು, ಇದ್ದಷ್ಟೂ ದನಿಯಿಂದ ಒದರಿದ. ಅದೇ ಗಳಿಗೆಗೆ ಓಣಿಯ ಕರೆಂಟ್ ಹೋಯಿತು.

ಎರಡೂ ಬದಿಯ ಅರವತ್ತು ಮಗ್ಗ ಒಟ್ಟಿಗೆ ನಿಂತವು. ಆ ಮೌನದಲ್ಲಿ ಮಲಕಾಜಪ್ಪನ ದನಿ ಒಂದೇ ಉಳಿಯಿತು.

"ದನಿ ಒಡದಾಗ ನಾನೂ ಮಾಳಿಗಿ ಮ್ಯಾಲ ಕುಂತು ಹತ್ತ ದಿನ ಅತ್ತೇನೋ! ದೊಡ್ಡ ರೋಗ ಬಂದೈತಿ, ಇನ್ನ ಸಾಯ್ತೇನಿ ಅಂತ ತಿಳದು ದಿನಾ ಬೇವಿನ ರಸಾ ಕುಡದೇನಿ!"

ಎದುರು ಮನೆಯ ಮುದುಕಿ ಸಾವಕ್ಕ ಎಲ್ಲರಿಗಿಂತ ಮೊದಲು ಕಿಟಕಿಗೆ ಬಂದಳು.

"ಮಲಕಾಜಿ, ಅದು ನಮ್ಮ ಬೇವಿನ ಗಿಡಾ ಏನೋ? ಎಲಿ ಎಲ್ಲಾ ಆಡ ತಿಂದೈತಿ ಅಂತ ತಿಳದು, ಪಾಪ, ನಮ್ಮ ಮನಿಯವರು ಆ ಆಡನ್ನ ಮಾರಿಬಿಟ್ರಲ್ಲೋ."

ಅವಳ ಹಿಂದೆ ಗಿರಮಲ್ಲಪ್ಪ ಬಂದ, ಓಣಿಯ ನೇಕಾರರು ಬಂದರು, ಹಾಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಕಾವ್ಯ ಬಂದಳು. ಬೇರೆ ಯಾರಾದರೂ ಆಗಿದ್ದರೆ ಮಗ್ಗದ ಕೆಳಗೆ ತೂರುತ್ತಿದ್ದರು. ಮಲಕಾಜಪ್ಪ ಎದ್ದು, ಎದೆ ಸೆಟೆಸಿ ನಿಂತ.

"ಹೌದು, ಕುಡದೇನಿ. ಮಗಗ ಖರೆ ಹೇಳೂದ್ರಾಗ ನಾಚಿಕಿ ಎಂಥಾದ್ದು? ಎಲ್ಲಾ ಹೇಳಿ ಮುಗಸೇನಿ. ತಾ ಆ ಚೀಟಿ."

ಕಾವ್ಯ ಓಡಿ ಹೋಗಿ ಚೀಟಿ, ಪೆನ್ನು ತಂದಳು. ಮಲಕಾಜಪ್ಪ ಅರ್ಧ ನೇಯ್ದ ಸೀರೆಯ ಪಕ್ಕದ ಹಲಗೆಯ ಮೇಲೆ ಚೀಟಿ ಇಟ್ಟು ದೊಡ್ಡದಾಗಿ ಸಹಿ ಹಾಕಿದ. ಗಿರಮಲ್ಲಪ್ಪ ಚಪ್ಪಾಳೆ ತಟ್ಟಿ, ಹೋರಿಗರದ ಉಪಾಯ ಕೊಟ್ಟವನು ತಾನೇ ಎಂದು ಎಲ್ಲರಿಗೂ ಹೇಳಿದ. ಹಾಲವ್ವನಿಗೆ ಕಣ್ಣು ತುಂಬಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಬಗ್ಗೆ ಇಷ್ಟು ಹೆಮ್ಮೆ ಅವಳಿಗೆ ಎಂದೂ ಅನಿಸಿರಲಿಲ್ಲ.

"ಕೇಳಿದೇನಪಾ ವೀರೂ, ನಿಮ್ಮಪ್ಪ ಹೇಳಿದ್ದು?" ಅಂದಳು.

ವೀರೇಶ ನೂಲಿನ ಉಂಡೆ ಹಿಡಿದುಕೊಂಡು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಕೂದಲು ಹಿಂದೆ ಸರಿಸಿ, ಎರಡೂ ಕಿವಿಯಿಂದ ನೆಲ್ಲಿಕಾಯಿಯಷ್ಟು ದಪ್ಪದ ಹತ್ತಿ ತೆಗೆದ.

"ಏನಂದ್ಯಪಾ? ಮಗ್ಗದ ಸಪ್ಪಳಕ್ಕ ಕಿವೀಗೆ ಹತ್ತಿ ಇಟಗೊಂಡಿದ್ದೆ. ಏನೂ ಕೇಳಸಲಿಲ್ಲ."

ಮಾತು ದಪ್ಪಗೆ ಶುರುವಾಗಿ, ನಡುವೆ ಒಡೆದು, ಕೀರಲಾಗಿ ಮುಗಿಯಿತು. ಸಾವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವೀರೇಶ ತಲೆ ತಗ್ಗಿಸಿದ.

"ಇದಕ್ಕ ಅಪ್ಪಾ, ಅಂವ ಮಾತಾಡೂದು ಬಿಟ್ಟಿದ್ದು," ಅಂದಳು ಕಾವ್ಯ. "ಸಾಲ್ಯಾಗ ಪದ್ಯಾ ಓದೂ ಮುಂದ ಎಲ್ಲಾರೂ ನಕ್ಕಿದ್ರು. ನನಗಷ್ಟ ಹೇಳಿದ್ದ. ಅಪ್ಪಗ ಹೇಳಬ್ಯಾಡ, ಅಪ್ಪನ ದನಿ ಛಲೋ ಐತಿ, ಅಂವಗ ತಿಳಿಯೂದಿಲ್ಲ ಅಂದಿದ್ದ."

ಮಲಕಾಜಪ್ಪ ಸಹಿ ಮಾಡಿದ ಚೀಟಿಯ ಕಡೆ ನೋಡಿದ. ಆ ಹುಡುಗನಿಗೆ ಬೇಕಾಗಿದ್ದ ಒಂದೇ ಒಂದು ಮಾತನ್ನು ಇಡೀ ಓಣಿಗೆ ಹೇಳಿ, ಅವನೊಬ್ಬನಿಗೆ ಮಾತ್ರ ಹೇಳದೆ ಬಿಟ್ಟಿದ್ದ.

"ಮತ್ತೊಮ್ಮೆ ಹೇಳಪಾ," ಅಂದ ವೀರೇಶ. ಆರು ತಿಂಗಳ ಮೇಲೆ ಮಗ ಕೇಳಿಕೊಂಡ ಮೊದಲ ಮಾತು ಅದು.

"ಹೌದ ಹೇಳು, ನಮಗೂ ಕಡೀದಷ್ಟ ಕೇಳೈತಿ," ಎನ್ನುತ್ತ ಸಾವಕ್ಕ ಬಂದು ಹೊಸ್ತಿಲ ಮೇಲೆ ಕೂತಳು. ನೇಕಾರರು ನೂಲಿನ ಚೀಲಗಳ ಮೇಲೆ ಕೂತರು. ಮಲಕಾಜಪ್ಪ ಈ ಸಲ ಮಗನ ಮುಖವನ್ನೇ ನೋಡಿದ, ಬಾಯಿ ತೆರೆದು ಮತ್ತೆ ಮುಚ್ಚಿದ. ಕತ್ತೆತ್ತಿ, ಆರಿದ ಬಲ್ಬಿನ ಕಡೆ ಆಸೆಯಿಂದ ನೋಡಿದ.

ಗಿರಮಲ್ಲಪ್ಪ ಫೋನ್ ಕಿಸೆಗೆ ಇಳಿಸಿದ.

"ನಿನ್ನ ಸಲುವಾಗೇ ಲೈನ್‌ಮನ್‌ಗ ಕೇಳಿದೆ, ಸಂಜೀತನಕಾ ಕರೆಂಟ್ ಬರಂಗಿಲ್ಲಂತ. ಅವಸರಿಲ್ಲ, ಮೊದಲಿನಿಂದ ಹೇಳು."