ಊಟ ‘ಬ್ಯಾಡ್ರಿ’ ಎಂದವರನ್ನು ನಂಬಿದ ಬೂಲಿಯನ್ ಮಹಾಶಯರಿಗೆ

ಮಾನ್ಯ ಬೂಲಿಯನ್ ಮಹಾಶಯರೇ,

ಬೆಳಗಾವಿಯ ಅನಗೋಳದಿಂದ ತ್ರಿವೇಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಕ್ಷೇಮ, ಅಪ್ಪ ಒಬ್ಬರನ್ನು ಬಿಟ್ಟು. ಅವರು ತಮ್ಮ ಕೃಪೆಯಿಂದ ಬೀಗರ ಮನೆಗೆ ಹೋಗಿಯೂ ಉಣ್ಣದೆ ಬಂದಿದ್ದಾರೆ.

ಇಲ್ಲಿಯ ಸದಾಶಿವನಗರದ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್‌ಪುಟ ಮಾಡಲು ಕಲಿಯುವಾಗ ತಮ್ಮ ಪರಿಚಯವಾಗಿ ನಾನು ಹಿಗ್ಗಿಹೋಗಿದ್ದೆ. ಪ್ರೋಗ್ರಾಮಿನಲ್ಲಿ ಹೌದು-ಅಲ್ಲ ತೀರ್ಮಾನಿಸುವ ತಮ್ಮ ಬಳಿ ಇರುವುದು ಎರಡೇ ಮಾತು, ಟ್ರೂ ಇಲ್ಲವೇ ಫಾಲ್ಸ್. ಟ್ರೂ ಎಂದರೆ ಇಫ್ ಹೇಳಿದ ಕೆಲಸ, ಫಾಲ್ಸ್ ಎಂದರೆ ಎಲ್ಸ್, ಅಂದರೆ ‘ಇಲ್ಲದಿದ್ದರೆ’, ಹೇಳಿದ ಕೆಲಸ. ‘ನೋಡೂಣಂತ’ ಎಂದು ಎಂದೂ ಹೇಳದ ಇಂಥ ಸತ್ಯವಂತರು ನಮ್ಮ ಬಳಗದಲ್ಲಿ ಒಬ್ಬರೂ ಇಲ್ಲ.

ಅದೇ ಹುರುಪಿನಲ್ಲಿ ಅಣ್ಣ ಬೀರೇಶನ ನಿಶ್ಚಯ ಕಾರ್ಯಕ್ಕೆ ಖಾನಾಪುರದಿಂದ ಬರಲಿದ್ದ ಬೀಗರ ಮೊಬೈಲಿಗೆಲ್ಲ ಒಂದು ಪುಟ ಕಳಿಸಿದೆ. “ತಮಗೆ ಊಟ ಬೇಕೇ?” ಎಂಬ ಒಂದೇ ಪ್ರಶ್ನೆ, ಕೆಳಗೆ ‘ಬೇಕು’, ‘ಬೇಡ’ ಎಂಬ ಗುಂಡಿಗಳು. ಬೇಕೆಂದವರಿಗೆ “ಬನ್ನಿ, ಹೋಳಿಗೆ ಕಾದಿದೆ”. ಬೇಡವೆಂದವರಿಗೆ “ನಿಮಗೆ ಊಟವಿಲ್ಲ”.

ಬೀಗರ ಮನೆಗೆ ಮೊದಲ ಸಲ ಬರುವವರು ಕೇಳಿದ ಕೂಡಲೇ ಊಟ ಬೇಕು ಎನ್ನುತ್ತಾರೆಯೇ, ಮಹಾಶಯರೇ? ಮರ್ಯಾದಸ್ಥರೆಲ್ಲ ‘ಬೇಡ’ ಒತ್ತಿ, ನಾವು ಇನ್ನೆರಡು ಸಲ ಒತ್ತಾಯ ಮಾಡಲೆಂದು ಕಾದು ಕೂತರು. ತಾವೋ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಬಳಗಕ್ಕೆ ಊಟವಿಲ್ಲವೆಂದು ಕೆಂಪಕ್ಷರದಲ್ಲಿ ಸಾರಿಬಿಟ್ಟಿರಿ. ಎಂಥ ಚುರುಕು, ಎಂಥ ಸ್ವಾಮಿನಿಷ್ಠೆ!

ಹುಡುಗಿಯ ಸೋದರತ್ತೆ ಭರಮವ್ವ ಫೋನಿನಲ್ಲೇ “ಬ್ಯಾಡಂದ್ರ ಖರೇನ ಬ್ಯಾಡಂತ ತಿಳಕೊಳ್ಳಾ ಮನಿಗೆ ಹುಡುಗಿ ಕೊಡೂದಿಲ್ರಿ” ಎಂದು ಗುಡುಗಿದರು. ಬೀರೇಶ ಗೋಡೆಗೆ ಮುಖ ಮಾಡಿ ಮಲಗಿದ. ನನಗೆ ಅಳುವೇ ಬಂತು. ಅಪ್ಪ ಕುಂದಾ ಸಿಹಿಯ ಡಬ್ಬಿ ಹಿಡಿದು ಕ್ಷಮೆ ಕೇಳಲು ಖಾನಾಪುರಕ್ಕೆ ಓಡಿದರು. ಭರಮವ್ವ ತಾಟು ಇಟ್ಟು “ಊಟಾ ಮಾಡ್ತೀರೇನ್ರಿ?” ಎಂದರೆ ಅಪ್ಪ ರೂಢಿಯಂತೆ “ಬ್ಯಾಡ್ರಿ” ಎಂದರು, ಭರಮವ್ವ “ಆತು, ಬ್ಯಾಡಂದ್ರ ಬ್ಯಾಡ” ಎಂದು ತಾಟು ಎತ್ತಿಕೊಂಡು ಒಳಗೆ ಹೋದರು. ತಪ್ಪೆಲ್ಲ ತಮ್ಮದೆಂದು ನಾನು ಮೊದಲೇ ಹೇಳಿದ್ದರಿಂದ, ಹಸಿದು ರೈಲಿನಲ್ಲಿ ಮರಳುತ್ತಿದ್ದ ಅಪ್ಪ ದೇಸೂರ ಸ್ಟೇಷನ್ನು ಬರುತ್ತಲೇ ಫೋನ್ ಮಾಡಿ, “ಯಾರವಾ ಆ ಬೂಲಿಯನ್, ಯಾವೂರಾಂವ?” ಎಂದು ವಿಚಾರಿಸಿದ್ದಾರೆ.

ಸೇಡು ತೀರಿಸಿಕೊಂಡ ಭರಮವ್ವ ಈಗ ತಣ್ಣಗಾಗಿದ್ದಾರೆ. ಸರಿಯಾಗಿ ಕರೆದರೆ ಭಾನುವಾರ ಬರುತ್ತಾರಂತೆ. ಹಾಗಾಗಿ ನಮ್ಮ ಆಯಿ, ಅಂದರೆ ಅಜ್ಜಿ, ಭೀಮಕ್ಕ ಹೇಳಿದಂತೆ ಪುಟವನ್ನು ತಿದ್ದಿದ್ದೇನೆ: ಬೇಕು ಎಂದರೆ ಬಡಿಸು, ಎಲ್ಸ್, ಬಡಿಸು. ಎರಡಕ್ಕೂ ಒಂದೇ ಉತ್ತರವಾದರೆ ಪ್ರಶ್ನೆಯೇಕೆ ಎಂದು ಕ್ಲಾಸಿನ ಮೇಷ್ಟ್ರು ತಲೆ ಚಚ್ಚಿಕೊಂಡರು. “ಕೇಳದ ಬಡಿಸಿದ್ರ ಏನ್ ಚಂದರೀ?” ಎಂದಳು ಆಯಿ.

ಆದ್ದರಿಂದ ಟ್ರೂ, ಫಾಲ್ಸ್‌ಗಳ ನಡುವೆ ‘ಬ್ಯಾಡ್ರಿ, ಒಂದೀಟ ಹಾಕ್ರಿ’ ಎಂಬ ಮೂರನೆಯ ಮಾತೊಂದನ್ನು ಭಾನುವಾರದೊಳಗೆ ದಯಪಾಲಿಸಬೇಕಾಗಿ ಪ್ರಾರ್ಥನೆ. ಆಗದಿದ್ದರೆ ತಾವೇ ಬಂದು ಪಂಕ್ತಿಯಲ್ಲಿ ಕೂಡಬೇಕು. ಹೋಳಿಗೆ ಹಾಕಲೇ ಎಂದಾಗ ಒಂದೇ ಸಲಕ್ಕೆ ‘ಟ್ರೂ’ ಎಂದು ನೋಡಿ; ಬೀಗರೆಲ್ಲ ತಮ್ಮನ್ನು ಹೇಗೆ ನೋಡುತ್ತಾರೆಂಬುದು ತಿಳಿಯುತ್ತದೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ತ್ರಿವೇಣಿ

ವಿ.ಸೂ.: ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ಬೇಡವೇ ಬೇಡ. ಶನಿವಾರದವರೆಗೆ ಕಾಯುತ್ತೇನೆ; ಬರದಿದ್ದರೆ ನಮ್ಮ ನಿಮ್ಮ ಮಾತು ಬಂದ್.