ಚಿಮಣಿ ನೋಡಿ ಹೋಟೆಲ್ ಆರಿಸಿದ್ದು

ತರಕಾರಿ ಆರಿಸುವುದು, ಗೋಡೆಗೆ ಮೊಳೆ ಹೊಡೆಯುವುದು, ಅವಳ ಅಕ್ಕನ ಮುಂದೆ ಬಾಯಿ ಬಿಡುವುದು: ಈ ಮೂರು ಕೆಲಸಗಳನ್ನು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲೇ ನನ್ನಿಂದ ಕಿತ್ತುಕೊಂಡಳು. ನಾನೂ ತಕರಾರು ಮಾಡಲಿಲ್ಲ. ಆದರೆ ಹೋಟೆಲ್ ಆರಿಸುವ ವಿಷಯದಲ್ಲಿ ಮಾತ್ರ ಈ ಮಹಾನಗರದಲ್ಲಿ ನನ್ನಂಥ ಪಂಡಿತ ಇನ್ನೊಬ್ಬನಿಲ್ಲ ಎಂದು ನನಗೆ ದೃಢವಾದ ನಂಬಿಕೆಯಿತ್ತು (ಅವಳಿಗೆ ಇರಲಿಲ್ಲ, ಆ ಮಾತು ಬೇರೆ).

ಕಾರಣ ನನ್ನ ಉದ್ಯೋಗ. ಹೋಟೆಲುಗಳ ಚಿಮಣಿ ತೊಳೆಯುವ ಕಂಪನಿಯೊಂದರಲ್ಲಿ ನಾನು ಮೇಲ್ವಿಚಾರಕ. ಒಲೆಯ ಮೇಲಿನ ಜಾಲರಿಯಿಂದ ಹಿಡಿದು ಮಾಳಿಗೆಯವರೆಗೆ ಹೋಗುವ ತಗಡಿನ ಕೊಳವೆಯಲ್ಲಿ ಎಣ್ಣೆಜಿಡ್ಡು ಎಷ್ಟು ದಪ್ಪ ಕೂತಿದೆ ಎಂದು ಕೆರೆದು ನೋಡುವುದು, ಮಿತಿ ಮೀರಿದ್ದರೆ ಕೆಂಪು ಚೀಟಿ ಅಂಟಿಸಿ ಬರುವುದು ನನ್ನ ಕೆಲಸ. ನೀವೆಲ್ಲ ಹೋಟೆಲನ್ನು ಮುಂಬಾಗಿಲಿನಿಂದ ನೋಡುತ್ತೀರಿ. ನಾನು ಹಿಂಬಾಗಿಲಿನಿಂದ ನೋಡುತ್ತೇನೆ. ಹಾಗಾಗಿ ನಾನು ಹೊರಗೆ ಊಟ ಮಾಡುವುದು ಕಡಿಮೆ.

ಹೀಗಿರುವಾಗ ಒಂದು ಸಂಜೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿರುವ ನನ್ನ ಹೆಂಡತಿ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಘೋಷಿಸಿದಳು.

"ಭಾನುವಾರ ಅಕ್ಕ, ಭಾವ ಬರ್ತಿದ್ದಾರೆ. ಈ ಸಲ ಊಟ ಹಾಕ್ಸೋ ಸರದಿ ನಮ್ಮದು. ಇಟಾಲಿಯನ್ ಬೇಕಂತೆ. ಭಾವನಿಗೆ ಇಟಲಿ ನೆನಪಾಗ್ತಿದೆಯಂತೆ."

"ನೆನಪಾಗೋಕೆ ಅವರೇನು ಅಲ್ಲಿ ಹುಟ್ಟಿ ಬೆಳೆದಿದ್ರಾ?"

"ಶುರು ಮಾಡ್ಬೇಡಿ. ಹೋದ ಸಲ ಅವರು ಕರ್ಕೊಂಡು ಹೋದ ಕಡೆ ನೀವು ಮಾಡಿದ್ದು ಸಾಕು."

ಹೋದ ಸಲ ನಾನು ಮಾಡಿದ್ದು ಇಷ್ಟೇ. ಸಪ್ಲೈಯರ್ ನನ್ನ ತೊಡೆಯ ಮೇಲೆ ಕೈವಸ್ತ್ರ ಹಾಸಲು ಬಗ್ಗಿದ. ಏನೋ ಗುಟ್ಟು ಹೇಳಲು ಬಂದನೆಂದು ನಾನು ಕಿವಿ ಕೊಟ್ಟೆ. ಅಂದಿನಿಂದ ಅವಳ ಅಕ್ಕ (ನಾವು ಕರೆಯುವುದು ದೊಡ್ಡಕ್ಕ ಎಂದು) ಪ್ರತಿ ಫೋನಿನಲ್ಲೂ ಅದನ್ನು ನೆನೆಸಿಕೊಂಡು ನಗುತ್ತಾಳೆ, ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಮುಖ ಊದಿಸಿಕೊಂಡು ಕೂರುತ್ತಾಳೆ. ಈ ಭಾನುವಾರ ಅಕ್ಕನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂದು ಅವಳು ಪಣ ತೊಟ್ಟಿದ್ದಳು. ಪಾಪ, ಅದು ತಪ್ಪೇನಲ್ಲ.

"ನಮ್ಮ ಕ್ಲಿನಿಕ್ಕಿನವರೆಲ್ಲ ಹೋಗಿದ್ವಲ್ಲ, ಆ ಮೂಲೆ ಹೋಟೆಲ್. ಅಲ್ಲಿಗೇ ಹೋಗೋಣ," ಎಂದಳು.

"ಮೂಲೆ ಹೋಟೆಲ್ಲಾ! ಅದರ ಚಿಮಣಿ ನೋಡಿದ್ದೀಯಾ ನೀನು?"

"ನಾನು ಪಾಸ್ತಾ ನೋಡಿದ್ದೆ."

ಆ ಚಿಮಣಿಯನ್ನು ನಾನು ಬಲ್ಲೆ. ಕೊಳವೆಯೊಳಗೆ ಜಿಡ್ಡು ಕಂಬಳಿಯಂತೆ ಜೋತಾಡುತ್ತಿತ್ತು. ನಾನು ಕೆಂಪು ಚೀಟಿ ಅಂಟಿಸಿದಾಗ ಅದರ ಒಡತಿ (ಅಡುಗೆಯವಳೂ ಅವಳೇ, ಆಳೆತ್ತರದ ಹೆಂಗಸು, ಒಡೆದ ಕಹಳೆಯ ದನಿ) ಸೌಟು ಹಿಡಿದೇ ಬಂದು, "ದಿನಾ ಇಷ್ಟು ಜನಕ್ಕೆ ಬೇಯ್ಸಿದ್ರೆ ಎಣ್ಣೆ ಹಾರದೆ ಮಲ್ಲಿಗೆ ಹೂ ಹಾರುತ್ತಾ?" ಎಂದು ಕೇಳಿದ್ದಳು. ನಾನು ಘನತೆಯಿಂದ ಹಿಂಬಾಗಿಲಲ್ಲಿ ಹೊರಬಿದ್ದಿದ್ದೆ.

"ಹೋಟೆಲ್ ನಾನು ಆರಿಸ್ತೀನಿ. ಇದು ನನ್ನ ಕ್ಷೇತ್ರ," ಎಂದೆ.

"ಅಕ್ಕನ ಮುಂದೆ ನನ್ನ ಮಾನ ಹೋದ್ರೆ?"

"ಜವಾಬ್ದಾರಿ ನಂದು."

ಅವಳು ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, "ಆಯ್ತು" ಎಂದಳು. ಆ ಆಯ್ತು ಅಷ್ಟು ಸುಲಭವಾಗಿ ಬಂದಿದ್ದೇ ನನಗೆ ಎಚ್ಚರಿಕೆಯಾಗಬೇಕಿತ್ತು.

ನಗರದ ಇಟಾಲಿಯನ್ ಹೋಟೆಲುಗಳನ್ನೆಲ್ಲ ನಾನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದೆ. ಒಂದರ ಜಾಲರಿ ಅಂಟಂಟು. ಇನ್ನೊಂದರ ಕೊಳವೆಯಿಂದ ಜಿಡ್ಡು ತೊಟ್ಟಿಕ್ಕಿ ನನ್ನ ಹೊಸ ಅಂಗಿಯ ಮೇಲೆ ಬಿದ್ದಿತ್ತು, ಅದಂತೂ ಖಂಡಿತ ಬೇಡ. ಕೊನೆಗೆ ಉಳಿದದ್ದು ಮೂಲೆ ಹೋಟೆಲಿಗೇ ಬೆನ್ನು ತಾಗಿಸಿಕೊಂಡು ಆಚೆ ಬೀದಿಗೆ ಮುಖ ಮಾಡಿರುವ ಗಾಜಿನ ಹೋಟೆಲು. ಕಳೆದ ತಪಾಸಣೆಯಲ್ಲಿ ನಾನು ಅದರ ಚಿಮಣಿಯೊಳಗೆ ಬಿಳಿ ಕರವಸ್ತ್ರ ಆಡಿಸಿದ್ದೆ. ಬಿಳಿಯಾಗಿಯೇ ಹೊರಬಂದಿತ್ತು. ನನ್ನ ಇಡೀ ವೃತ್ತಿಜೀವನದಲ್ಲಿ ಅಂಥ ದಿವ್ಯ ದರ್ಶನ ಆಗಿರಲಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ವರೂ ಹೋದೆವು. ಊಟದ ಹೊತ್ತಿನಲ್ಲೂ ಒಳಗೆ ಒಂದು ನರಪಿಳ್ಳೆಯಿರಲಿಲ್ಲ. ಟೈ ಕಟ್ಟಿದ ಮಾಲೀಕ ನಮ್ಮನ್ನು ಕಂಡು ಬೆಚ್ಚಿಬಿದ್ದು, ಕೂತಿದ್ದ ಕುರ್ಚಿಯಿಂದ ಎದ್ದ.

"ಯಾರೂ ಇಲ್ವಲ್ಲ," ಎಂದಳು ದೊಡ್ಡಕ್ಕ.

"ಒಳ್ಳೇ ಹೋಟೆಲ್‌ನಲ್ಲಿ ಗಲಾಟೆ ಇರಲ್ಲ," ಎಂದೆ. ಚಿಮಣಿಯ ಶುಭ್ರತೆಯ ಬಗ್ಗೆ ಒಂದು ಪುಟ್ಟ ಉಪನ್ಯಾಸವನ್ನೂ ಕೊಟ್ಟೆ. ಷಡ್ಡಕರು ಇಟಲಿಯ ಬಗ್ಗೆ ಅದಕ್ಕಿಂತ ಉದ್ದದ್ದು ಕೊಟ್ಟರು. ಅವರು ಅಲ್ಲಿಗೆ ಹೋಗಿದ್ದು ಒಂದೇ ಸಲ, ಅದೂ ಬಸ್ಸಿನಿಂದ ಹೆಚ್ಚು ಇಳಿಯದ ಪ್ರವಾಸ. ಕೇಳುವವರಿಗೆ ಮಾತ್ರ ಆ ದೇಶ ಕಟ್ಟುವಾಗ ಮೇಸ್ತ್ರಿಯಾಗಿದ್ದವರು ಅವರೇ ಅನ್ನಿಸಬೇಕು.

ಉಪನ್ಯಾಸಗಳೆರಡೂ ಮುಗಿದರೂ ಊಟ ಬರಲಿಲ್ಲ. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ವಿಚಾರಿಸಿ ಬರುತ್ತೇನೆಂದು ಗುರುತಿನವನ ಗತ್ತಿನಲ್ಲಿ ಎದ್ದು ಅಡುಗೆಮನೆಗೆ ನುಗ್ಗಿದೆ.

ಅಲ್ಲಿ ಒಲೆ ಉರಿಯುತ್ತಿರಲಿಲ್ಲ. ಬಾಣಲೆಗಳು ಗೋಡೆಗೆ ನೇತಾಡುತ್ತಿದ್ದವು, ಅಡುಗೆಯವನು ಎಲ್ಲೂ ಇರಲಿಲ್ಲ. ತೆರೆದ ಹಿಂಬಾಗಿಲಲ್ಲಿ ಮಾಲೀಕ ನಿಂತು, ಮೂಲೆ ಹೋಟೆಲಿನ ಹಿಂಬಾಗಿಲಿನಿಂದ ಚಾಚಿದ ದಪ್ಪ ಕೈಯಿಂದ ಹಬೆಯಾಡುವ ಡಬ್ಬಿಗಳನ್ನು ಇಸಿದುಕೊಳ್ಳುತ್ತಿದ್ದ. ನನ್ನನ್ನು ಕಂಡು ಅವನ ಮುಖ ಬಿಳಿಚಿತು.

"ಸಾರ್, ನಮ್ಮ ಅಡುಗೆಯವನು ಬಿಟ್ಟುಹೋಗಿ ವರ್ಷವಾಗ್ತಾ ಬಂತು. ಯಾರಿಗೂ ಹೇಳ್ಬೇಡಿ."

ಕರವಸ್ತ್ರ ಯಾಕೆ ಬಿಳಿಯಾಗಿತ್ತು ಎಂದು ನನಗೆ ಆಗ ಅರ್ಥವಾಯಿತು. ಯಾರಿಗೆ ಹೇಳಲಿ? ತುಟಿ ಹೊಲಿದುಕೊಂಡು ವಾಪಸು ಬಂದು ಕೂತೆ.

ಊಟ ಬಂತು. ದೊಡ್ಡಕ್ಕ ಒಂದು ತುತ್ತು ತಿಂದಳು, ಕಣ್ಣು ಮುಚ್ಚಿದಳು, ಇನ್ನೊಂದು ತುತ್ತು ತಿಂದಳು. ಷಡ್ಡಕರು ಇಟಲಿಯನ್ನು ಮರೆತು ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸತೊಡಗಿದರು. "ಇಂಥ ಪಾಸ್ತಾ ನಾನು ಜನ್ಮದಲ್ಲಿ ತಿಂದಿಲ್ಲ ಕಣೇ," ಎಂದಳು ದೊಡ್ಡಕ್ಕ. ನನ್ನ ಹೆಂಡತಿಯ ಮುಖ ಅರಳಿತು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು. ಸತ್ಯ ಹೇಳುವ ಯೋಚನೆ ಇದ್ದಿದ್ದರೂ ಅಲ್ಲಿಗೆ ಸತ್ತಿತು.

"ಇವರ ರಿಟೈರ್ಮೆಂಟ್ ಪಾರ್ಟಿ ಇಲ್ಲೇ ಇಡೋಣ. ಎಂಬತ್ತು ಜನ ಆಗ್ತಾರೆ," ಎಂದಳು ದೊಡ್ಡಕ್ಕ.

ನನ್ನ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತು. ನಾನು ಕೆಮ್ಮಿ ಮುಗಿಸುವುದರೊಳಗೆ ಹೆಂಡತಿ, "ಅದಕ್ಕೇನಂತೆ ಅಕ್ಕ, ಎಲ್ಲಾ ವ್ಯವಸ್ಥೆ ಇವರೇ ಮಾಡ್ತಾರೆ. ಜವಾಬ್ದಾರಿ ಇವರದ್ದು," ಎಂದುಬಿಟ್ಟಳು.

ನಾಲ್ಕು ಜನರ ಊಟ ಹಿಂಬಾಗಿಲಲ್ಲಿ ದಾಟಬಹುದು. ಎಂಬತ್ತು ಜನರದ್ದು ದಾಟೀತೇ? ಎರಡು ದಿನ ನಿದ್ದೆಯಿಲ್ಲ. ಮೂರನೆಯ ದಿನ ಮಾನ ಮರ್ಯಾದೆ ಬದಿಗಿಟ್ಟು ಮೂಲೆ ಹೋಟೆಲಿನ ಒಡತಿಯ ಮುಂದೆ ಕೈಕಟ್ಟಿ ನಿಂತೆ. ಅವಳು ಸಾಸು ತಿರುಗಿಸುತ್ತಲೇ ಎಲ್ಲ ಕೇಳಿಸಿಕೊಂಡಳು. ಆಶ್ಚರ್ಯವೆಂದರೆ ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಮಾಡಿಕೊಡ್ತೀನಿ. ಚಿಮಣಿ ತೊಳೆದುಕೊಡಿ."

"ನಾಳೆನೇ ಹುಡುಗರನ್ನ ಕಳಿಸ್ತೀನಿ."

"ಹುಡುಗರು ಬೇಡ. ಚೀಟಿ ಅಂಟಿಸಿದ ಕೈಯೇ ತೊಳೀಲಿ."

ಮೇಲ್ವಿಚಾರಕನಾದ ಮೇಲೆ ನಾನು ಕೆರೆಯುವ ಕತ್ತಿ ಹಿಡಿದವನಲ್ಲ. ಮರುದಿನ ರಜೆ ಹಾಕಿ, ಬೆಳಗ್ಗೆಯಿಂದ ಸಂಜೆಯವರೆಗೆ ಆ ಕೊಳವೆಯೊಳಗೆ ಅರ್ಧ ದೇಹ ತೂರಿಸಿ ಕೆರೆದೆ. ಬೆಳ್ಳುಳ್ಳಿ, ಬೆಣ್ಣೆ, ಟೊಮೇಟೊಗಳ ಹಲವು ವರ್ಷಗಳ ಇತಿಹಾಸ ನನ್ನ ತಲೆಯ ಮೇಲೆ ಸುರಿಯಿತು. ಕೆಳಗಿನಿಂದ ಒಡತಿ, "ಎಡಗಡೆ ಬಿಟ್ರಿ," ಎಂದು ಸೌಟಿನಲ್ಲಿ ತಗಡು ಬಡಿಯುತ್ತಿದ್ದಳು.

ಹುಬ್ಬಿನವರೆಗೆ ಜಿಡ್ಡು ಮೆತ್ತಿಕೊಂಡು ಮನೆಗೆ ಬಂದಾಗ ಬಾಗಿಲು ತೆರೆದ ಹೆಂಡತಿ ಮೂಗು ಮುಚ್ಚಿಕೊಳ್ಳಲೂ ಇಲ್ಲ.

"ಮೂಲೆ ಹೋಟೆಲ್ ಕೆಲಸ ಆಯ್ತಾ?"

"ನಿನಗೆ ಹೇಗೆ ಗೊತ್ತು?"

"ಮೊದಲನೇ ತುತ್ತಿಗೇ ಗೊತ್ತಾಯ್ತು. ಕ್ಲಿನಿಕ್ಕಿನವರ ಜೊತೆ ತಿಂದಿದ್ದು ಅದೇ ಪಾಸ್ತಾ ಅಲ್ವಾ? ಮಾರನೇ ದಿನಾನೇ ಹೋಗಿ ಮೂಲೆ ಹೋಟೆಲಿನ ಮಹಡಿ ಹಾಲನ್ನೇ ಪಾರ್ಟಿಗೆ ಬುಕ್ ಮಾಡಿ ಬಂದೆ. ಅಕ್ಕನಿಗೂ ಹೇಳಿಯಾಯ್ತು."

"ಮಾರನೇ ದಿನಾನೇ? ಹಾಗಾದ್ರೆ ನಾನು ಕೈಕಟ್ಟಿ ನಿಂತಿದ್ದು? ಚಿಮಣಿ ತೊಳೆದಿದ್ದು?"

"ನಿಮ್ಮ ಕೈಲೇ ತೊಳೆಸಿಕೊಳ್ಳಿ ಅಂತ ಆಯಮ್ಮನಿಗೆ ನಾನೇ ಹೇಳಿದ್ದು. ಚಿಮಣಿ ಕ್ಲೀನಾಗಿಲ್ದಿದ್ರೆ ನಿಮಗೆ ಊಟ ಇಳಿಯಲ್ವಲ್ಲ."

"ಆದ್ರೂ ಆ ಗಾಜಿನ ಹೋಟೆಲ್ ಅಷ್ಟು ಸ್ವಚ್ಛವಾಗಿತ್ತಲ್ಲೇ..." ಎಂದೆ, ಸೋತ ದನಿಯಲ್ಲಿ.

"ನಾನು ದಿನಾ ಜನರ ಬಾಯಿ ನೋಡೋಳು ರೀ. ಒಂದು ಹಲ್ಲೂ ಇಲ್ಲದ ಬಾಯಲ್ಲಿ ಹುಳುಕು ಎಲ್ಲಿಂದ ಬರುತ್ತೆ?"

ನಾನು ಟವೆಲ್ ಎತ್ತಿಕೊಂಡು ಬಚ್ಚಲಿನ ಕಡೆ ಹೆಜ್ಜೆ ಹಾಕಿದೆ.

"ಈಗಲೇ ಸ್ನಾನ ಮಾಡ್ಬೇಡಿ," ಎಂದಳು ಹಿಂದಿನಿಂದ. "ಮಾಳಿಗೆ ಮೇಲಿನ ಕೊಳವೆ ಬಿಟ್ಟು ಬಂದಿದ್ದೀರಂತೆ. ಆಯಮ್ಮ ಫೋನ್ ಮಾಡಿದ್ರು, ಕಾಯ್ತಿದ್ದಾರೆ."