ಅಪ್ಪನ ಪುಸ್ತಕ ಯಾರಿಗೆ ಬೇಕು?

ಮನೆಯಲ್ಲಿ ಬಂಗಾರ ಇದೆ ಅಂದರೆ ಕಳ್ಳರು ಬರುತ್ತಾರೆ. ಪುಸ್ತಕ ಇದೆ ಅಂದರೆ ಬುದ್ಧಿ ಹೇಳುವವರು ಬರುತ್ತಾರೆ. ಕಳ್ಳರೇ ವಾಸಿ, ಒಮ್ಮೆ ಬಂದು ಹೋಗುತ್ತಾರೆ. ಇವರು ಬರುತ್ತಲೇ ಇರುತ್ತಾರೆ.

ನನ್ನ ಅಪ್ಪ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಒಂದು ಬಸ್ಸು ಹೋಗಿ ಇನ್ನೊಂದು ಬರುವುದರೊಳಗೆ ಓದುತ್ತಿದ್ದರು. ನಮ್ಮ ಕಡೆ ಬಸ್ಸು ಬರುವ ಚಂದಕ್ಕೆ ದಪ್ಪ ದಪ್ಪ ಪುಸ್ತಕಗಳೇ ಮುಗಿಯುತ್ತಿದ್ದವು. “ತೂಕಕ್ಕ ಹಾಕಬ್ಯಾಡವ್ವಾ, ಓದೋರ ಕೈಗೆ ಕೊಡು” ಅಂತ ಹೇಳಿ ಕಣ್ಣು ಮುಚ್ಚಿದರು. ಅವರಿದ್ದ ಬಾಡಿಗೆ ಮನೆ ಖಾಲಿ ಮಾಡಬೇಕಾಗಿ ಬಂತು. ಅಷ್ಟೂ ಪುಸ್ತಕಗಳನ್ನು ತಂದು ಲಿಂಗಸುಗೂರಿನ ನನ್ನ ಟೈಲರಿಂಗ್ ಅಂಗಡಿಯಲ್ಲಿ ಒಟ್ಟಿದೆ. ಮಷಿನ್ನಿಗೆ ಕೂತರೆ ಮೊಣಕೈ ಕಾದಂಬರಿಗೆ ಬಡಿಯುತ್ತಿತ್ತು. ಕೊಡೋಣವೆಂದರೆ ಓದುವವರು ಸಿಗಬೇಕಲ್ಲ! ಸಿಟ್ಟು ಬಂದು ಬಂದು ಬಿಪಿ ಏರಿದ್ದಷ್ಟೇ ಲಾಭ.

ಒಂದೇ ದಪ್ಪದ ನಾಲ್ಕು

ಮೊದಲು ಬಂದವರು ಜವಳಗೇರಾದ ಸೋದರಮಾವ, ಭತ್ತ ಬೆಳೆಯುವವರು. ಪುಸ್ತಕಗಳನ್ನು ಒಂದೊಂದಾಗಿ ಎತ್ತಿ, ಸವರಿ, ಪಕ್ಕಪಕ್ಕ ಇಟ್ಟು ನೋಡಿದರು. ಅಪ್ಪನ ಮೇಲೆ ಎಷ್ಟು ಅಭಿಮಾನ ಇವರಿಗೆ ಅಂತ ನನಗೆ ಕಣ್ಣು ತುಂಬಿ ಬಂತು.

“ಒಂದೇ ದಪ್ಪಂದು ನಾಕು ಕೊಡವ್ವಾ,” ಅಂದರು.

“ಯಾವ ವಿಷಯದ್ದು ಬೇಕು ಮಾವಾ?”

“ವಿಷಯ ಯಾವ್ದಾರ ಇರಲಿ. ಅಕ್ಕಿ ಸಂದೂಕಿಗೆ ತಳದಾಗ ಥಂಡಿ ಹಿಡ್ಯಾಕತ್ತೈತಿ. ನಾಕು ಮೂಲಿಗೆ ಇಡಬೇಕು.”

ಕೈಯಲ್ಲಿ ಕತ್ತರಿ ಇತ್ತು. ಎಷ್ಟಾದರೂ ಸೋದರಮಾವ ಅಂತ ಅದನ್ನು ಕೆಳಗಿಟ್ಟು ಮಾತಾಡಿದೆ. “ಮಾವಾ, ಇವು ಓದಾಕ ಇರೋವು!”

“ನಾ ಎಲ್ಲಿ ಬ್ಯಾಡಂದೆ? ಬೇಕಾದೋರು ಬಗ್ಗಿ ಓದ್ಲಿ.”

ಒಂದಿಂಚು

ಸಿಂಧನೂರಿನಲ್ಲಿ ಹೊಸ ಮನೆ ಕಟ್ಟಿಸಿದ ನನ್ನ ಗಿರಾಕಿಯೊಬ್ಬಳು, “ಟಿವಿ ಪಕ್ಕದಾಗ ಪುಸ್ತಕ ಇದ್ರ ಕಳಾ ಇರ್ತೈತಿ, ನಾ ಒಯ್ತೀನಿ” ಅಂದಳು. ಕಳೆಗೆ ಇಟ್ಟರೂ ಒಂದಲ್ಲ ಒಂದು ದಿನ ಯಾರಾದರೂ ತೆಗೆದು ಓದಿಯಾರು ಅಂತ ಒಪ್ಪಿದೆ. ಅವಳು ಬರಲಿಲ್ಲ, ಬಡಿಗನನ್ನು ಕಳಿಸಿದಳು. ಅವನು ಟೇಪು ಹಿಡಿದು, ನಾನು ಗಿರಾಕಿಗಳ ಅಳತೆ ತೆಗೆಯುವ ಹಾಗೆ, ಪುಸ್ತಕಗಳ ಅಳತೆ ತೆಗೆದ. ಒಂದಷ್ಟನ್ನು ಬೇರೆ ಮಾಡಿಟ್ಟ.

“ಇವು ಟಿವಿ ಪಕ್ಕದ ಖಾನೆಗಿಂತ ಒಂದಿಂಚು ಎತ್ತರ ಅದಾವ್ರೀ ಅಕ್ಕಾರ. ಫಿಕರ್ ಮಾಡಬ್ಯಾಡ್ರಿ, ಕಟಿಂಗ್ ಮಷಿನ್ನಿಗೆ ಹಿಡಿದು ಮ್ಯಾಲಿಂದು ಒಂದಿಂಚು ಹೊಡೀತೀನಿ.”

“ಅಕ್ಷರ ಹೋಗ್ತಾವಲ್ಲೋ!”

“ಮ್ಯಾಲಿನ ಎರಡು ಸಾಲು ಹೋದ್ರ ಹೋಗ್ಲಿ ಬಿಡ್ರಿ, ಕೆಳಗ ಭಾಳ ಅದಾವು.”

ನಾನು ಕೂಗಿದ ಕೂಗಿಗೆ ಎದುರಿನ ಚಹಾ ಅಂಗಡಿಯವನು ಗ್ಲಾಸು ಬಿಟ್ಟು ಓಡಿ ಬಂದ. ಬಡಿಗ ಹೊಸ್ತಿಲು ದಾಟಿ, ದೂರ ನಿಂತು, ನೊಂದವನ ಹಾಗೆ ಕೇಳಿದ:

“ತೋಳು ಉದ್ದಾದ್ರ ನೀವು ಕತ್ತರಿಸಂಗಿಲ್ಲೇನ್ರೀ?”

ಹರಿಯುವ ಭಯ

ಆಮೇಲೆ ಪುಸ್ತಕ ಕೊಡಲು ಹೋದ ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಂದ ನನಗೆ ಇನ್ನೂ ಬ್ಲೌಸು ಬರುತ್ತವೆ. ಅಲ್ಲಿನ ವಾಚನಾಲಯ ನೋಡಿಕೊಳ್ಳುವಾತ ಕಪಾಟು ತೋರಿಸಿ ಬೀಗಿದ.

“ನೋಡ್ರಿ, ಎಷ್ಟು ವರ್ಷ ಆದ್ರೂ ಹೊಸಾವು ಇದ್ದಂಗ ಅದಾವು. ನಿಮ್ಮವು ಹಳೇವು, ನಮಗ ಬ್ಯಾಡ.”

“ಹೊಸಾವು ಇದ್ದಂಗ ಹೆಂಗ ಇಟ್ಟೀರಿ?”

“ಯಾರಿಗೂ ಕೊಡಂಗಿಲ್ರೀ. ಕೊಟ್ರ ಓದ್ತಾರ, ಓದಿದ್ರ ಹರೀತಾವು.”

ಸನ್ಮಾನ

ಕೊನೆಗೆ ನನ್ನ ತವರಿನ ಕಡೆಯ ಒಂದು ಸಂಘದ ಕಾರ್ಯದರ್ಶಿ ಬಂದರು. “ಒಂದೊಂದೂ ಒಬ್ಬೊಬ್ಬರ ಕೈಗೆ ಮುಟ್ಟಸ್ತೀವಿ ಅಕ್ಕಾರ,” ಅಂದರು. ಟ್ರ್ಯಾಕ್ಟರಿನಲ್ಲಿ ಪುಸ್ತಕಗಳು ಹೋದಾಗ ಅತ್ತುಬಿಟ್ಟೆ. ಅಪ್ಪನ ಮಾತು ನಡೆಯಿತಲ್ಲ ಅಂತ ಎದೆ ಹಗುರಾಯಿತು.

ವರ್ಷದ ಮೇಲೆ ನನಗೇ ಸನ್ಮಾನ ಅಂತ ಕರೆದರು. ವೇದಿಕೆಯ ಮೇಲೆ ಕೂತವರಿಗೆಲ್ಲ ಹಾರದ ಬದಲು ಮಿರಿಮಿರಿ ಕಾಗದ ಸುತ್ತಿದ ಪುಸ್ತಕ ಕೊಟ್ಟರು. ನನ್ನದನ್ನು ಬಿಚ್ಚಿದೆ. ಒಳಪುಟದಲ್ಲಿ ಅಪ್ಪನ ಸಹಿ!

“ಇದೇನ್ರೀ?” ಅಂತ ಕಾರ್ಯದರ್ಶಿಯನ್ನು ಕೇಳಿದೆ.

“ನಿಮ್ಮ ಅಪ್ಪಾರವೇ ಅಕ್ಕಾರ! ಹೇಳಿದಂಗ ಕೈಗೆ ಮುಟ್ಟಿಸಾಕತ್ತೀವಿ. ರಿಟೈರಾದೋರಿಗೆ, ಇಲೆಕ್ಷನ್ ಗೆದ್ದೋರಿಗೆ, ಸೋತೋರ್ನೂ ಬಿಟ್ಟಿಲ್ಲ.”

“ಓದಿದೋರು ಯಾರು?”

“ಸನ್ಮಾನದ ಪುಸ್ತಕ ಯಾರ್ ಬಿಚ್ಚತಾರ್ರೀ?”

ನಮ್ಮಲ್ಲಿ ಸನ್ಮಾನದ ಶಾಲು ಹೊದೆಯುವವರಿಲ್ಲ, ಮಡಚಿಟ್ಟು ಮುಂದಿನ ಸನ್ಮಾನಕ್ಕೆ ಒಯ್ಯುತ್ತಾರೆ. ಪುಸ್ತಕಕ್ಕೂ ಅದೇ ಗತಿಯೇ? ಮೈಕು ಕಸಿದುಕೊಂಡೆ. “ಎಲ್ಲಾರೂ ಬಿಚ್ಚರಿ! ಈಗ, ಇಲ್ಲೇ!”

ಗರಿಗರಿ ಬಿಳಿ ಅಂಗಿಯ ಮುಖ್ಯ ಅತಿಥಿಗಳು ಗಾಬರಿಯಾಗಿ ತಮ್ಮದನ್ನು ಬಿಚ್ಚಿದರು. ಗರ್ಭಿಣಿಯರ ಆರೈಕೆಯ ಪುಸ್ತಕ. ನಾನು ಹೊಟ್ಟೆಯಲ್ಲಿದ್ದಾಗ ಅಪ್ಪ ತಂದು, ಅವ್ವನಿಗೆ ಓದಿ ಹೇಳುತ್ತಿದ್ದ ಪುಸ್ತಕ ಅದು.

“ಮತ್ತ ಬಂತೇನಲೇ ಇದು!” ಅಂದರು. ನನ್ನ ಕೈಯಲ್ಲಿದ್ದ ಮೈಕು ಅವರ ಬಾಯಿಯ ಹತ್ತಿರವೇ ಇತ್ತು. “ಹೋದ ಸಲ ನನಗ ಕೊಟ್ಟಿದ್ರಿ. ಬಿಚ್ಚಿ ನೋಡಿ, ಮತ್ತ ಸುತ್ತಿ, ಹೆಡ್‌ಮಾಸ್ತರ್ ರಿಟೈರಾದಾಗ ಅವರಿಗೆ ಕೊಟ್ಟಿದ್ದೆ!”

ಮುಂದಿನ ಸಾಲಿನಿಂದ ಹೆಡ್‌ಮಾಸ್ತರು ಎದ್ದು ಕೈ ಮುಗಿದರು. “ನಾ ಬಿಚ್ಚೇ ಇಲ್ರೀ. ಹಂಗ ಸಂಘಕ್ಕ ಮುಟ್ಟಿಸೀನಿ.”

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. “ಎಲ್ಲಾ ವಾಪಸ್ ಕೊಡ್ರಿ!” ಅಂದೆ. ಒಬ್ಬರಾದರೂ ಬೇಡವೆನ್ನಬಾರದೇ? ಭಾರ ಇಳಿಯಿತು ಅನ್ನುವ ಮುಖ ಮಾಡಿ ಸರಸರ ತಂದು ಮೇಜಿನ ಮೇಲೆ ಒಟ್ಟಿದರು. ಮುಖ್ಯ ಅತಿಥಿಗಳು ಮಾತ್ರ ತಮ್ಮದನ್ನು ಎದೆಗವಚಿ ಕೂತಿದ್ದರು.

“ಕೊಡ್ರಿ ಸಾಹೇಬ್ರ.”

“ತಡಿಯವ್ವಾ,” ಅಂತ ದನಿ ಇಳಿಸಿದರು. “ಮನ್ಯಾಗ ಸೊಸಿಗೆ ಏಳು ತಿಂಗಳು. ಈ ಸಲ ಓದ್ತೀನಿ.”

ಆಗಲೇ ಜೇಬಿನಲ್ಲಿ ಚಸ್ಮಾ ಹುಡುಕುತ್ತಿದ್ದರು. ಆದರೂ ನನ್ನ ಸಿಟ್ಟು ಪೂರಾ ಇಳಿಯಲಿಲ್ಲ.

“ಒಯ್ರಿ,” ಅಂದೆ. “ಆದ್ರ ಆ ಮಿರಿಮಿರಿ ಕಾಗದ ಇಲ್ಲೇ ಬಿಟ್ಟು ಹೋಗ್ರಿ.”